ಸಿಹಿಗೆಣಸಿನ ತಳಿ ವೈವಿಧ್ಯ: ಪೋಷಕ ತಳಿ, ಅಳತೆಯ ವಿಧಾನ ಮತ್ತು ಸಂಕರಣ ಕ್ರಮಗಳ ಆಯ್ಕೆ

ಸಿಹಿಗೆಣಸಿನ ತಳಿ ಅಭಿವೃದ್ಧಿಗೆ ತೊಡಗುವವರು ಆರಂಭದಲ್ಲಿಯೇ ಮೂರು ವಿಷಯಗಳನ್ನು ತೀರ್ಮಾನಿಸಿಕೊಳ್ಳಬೇಕಾಗುತ್ತದೆ: ಪೋಷಕ ತಳಿಗಳನ್ನು, ಅಂದರೆ ಸಂಕರಣದಲ್ಲಿ ತಂದೆ-ತಾಯಿಯಾಗುವ ತಳಿಗಳನ್ನು, ಯಾವ ಮೂಲದಿಂದ ತರುವುದು, ಅವುಗಳ ನಡುವಿನ ಆನುವಂಶಿಕ ವೈವಿಧ್ಯವನ್ನು ಯಾವ ವಿಧಾನದಿಂದ ಅಳೆಯುವುದು, ಅಳೆದ ಮೇಲೆ ಅವನ್ನು ಯಾವ ಕ್ರಮದಲ್ಲಿ ಸಂಕರಿಸುವುದು. ಸಾಮಾನ್ಯವಾಗಿ ಈ ಮೂರನ್ನೂ ಬಿಡಿಬಿಡಿಯಾಗಿ ತೀರ್ಮಾನಿಸಲಾಗುತ್ತದೆ. ಆದರೆ ಒಂದರಲ್ಲಿ ಮಾಡಿದ ಆಯ್ಕೆ ಉಳಿದೆರಡಕ್ಕೂ ಮಿತಿ ಹಾಕುವುದರಿಂದ ಮೂರನ್ನೂ ಒಟ್ಟಿಗೆ ಇಟ್ಟು ನೋಡುವುದು ಒಳ್ಳೆಯದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಎರಡು ತಳಿಗಳು ಪರಸ್ಪರ ದೂರದವು ಎಂಬ ಒಂದೇ ಕಾರಣಕ್ಕೆ ಅವನ್ನು ಸಂಕರಿಸಬಾರದು. ಬೇಕಾದ ಗುಣ ಆ ತಳಿಯಲ್ಲಿದೆಯೇ, ಅದು ಹೂ ಬಿಡುತ್ತದೆಯೇ, ಇನ್ನೊಂದರೊಡನೆ ಬೀಜ ಕಟ್ಟುತ್ತದೆಯೇ ಎಂಬ ಪ್ರಶ್ನೆಗಳು ಮೊದಲು ಬರಬೇಕು. ಆನುವಂಶಿಕ ದೂರದ ಅಂಕಿಗಳಿಗೆ ಅವುಗಳ ನಂತರದ ಸ್ಥಾನ, ಅದೂ ಮುಖ್ಯವಾಗಿ ತಳಿಗಳನ್ನು ಗುಂಪುಗಳಾಗಿ ವಿಂಗಡಿಸುವುದಕ್ಕೆ.

ಬೆಳೆಯ ಸ್ವಭಾವ

ಸಿಹಿಗೆಣಸಿನ ದೇಹಕೋಶದಲ್ಲಿ 90 ವರ್ಣತಂತುಗಳಿವೆ. 15 ವರ್ಣತಂತುಗಳ ಗಣವೊಂದು ಆರು ಪಟ್ಟಾಗಿರುವುದರಿಂದ ಪ್ರತಿಯೊಂದು ವಂಶವಾಹಿಗೂ ಆರು ಪ್ರತಿಗಳಿರುತ್ತವೆ, ಆ ಆರರಲ್ಲಿ ಹಲವು ಪರಸ್ಪರ ಭಿನ್ನವಾಗಿರುತ್ತವೆ. ಹೆಚ್ಚಿನ ತಳಿಗಳು ತಮ್ಮದೇ ಪರಾಗದಿಂದ ಬೀಜ ಕಟ್ಟುವುದಿಲ್ಲವಾದ್ದರಿಂದ ಭತ್ತ, ಗೋಧಿಗಳಲ್ಲಿ ಸಿಗುವಂತಹ ಶುದ್ಧ ತಳಿ ಇಲ್ಲಿ ಸಿಗುವುದಿಲ್ಲ. ಬೀಜದಿಂದ ಹುಟ್ಟುವ ಪ್ರತಿ ಸಸಿಯೂ ತಾಯಿಗಿಂತ ಬೇರೆಯಾದ ಹೊಸ ಜೋಡಣೆ. ಮೆಚ್ಚಿದ ಸಸಿ ಒಮ್ಮೆ ಸಿಕ್ಕಿತೆಂದರೆ ಅದರ ಬಳ್ಳಿಯ ತುಂಡುಗಳನ್ನು ನೆಟ್ಟು ಆ ಜೋಡಣೆಯನ್ನು ಹಾಗೆಯೇ ಉಳಿಸಿಕೊಳ್ಳಬಹುದು, ಬೇರೆ ಬೆಳೆಗಳಲ್ಲಿರುವಂತೆ ತಳಿಯನ್ನು ಸ್ಥಿರಗೊಳಿಸಲು ಹಲವು ತಲೆಮಾರುಗಳನ್ನು ಕಾಯಬೇಕಿಲ್ಲ.

ಇದರ ತೊಡಕು ಅಡಗಿದ ಗುಣಗಳ ವಿಷಯದಲ್ಲಿ ಎದುರಾಗುತ್ತದೆ. ಆರೂ ಪ್ರತಿಗಳು ಒಂದೇ ಬಗೆಯವಾದಾಗ ಮಾತ್ರ ಪ್ರಕಟವಾಗುವ ಗುಣವೊಂದನ್ನು ತೆಗೆದುಕೊಳ್ಳೋಣ. ಎರಡೂ ಪೋಷಕ ತಳಿಗಳಲ್ಲಿ ಆರಕ್ಕೆ ಮೂರು ಪ್ರತಿಗಳು ಆ ಬಗೆಯವಾಗಿದ್ದು ವರ್ಣತಂತುಗಳು ಯಾದೃಚ್ಛಿಕವಾಗಿ ಹಂಚಿಕೆಯಾದರೆ, ಆ ಗುಣವುಳ್ಳ ಸಸಿ ಸಿಗುವ ಸಂಭವ 400ಕ್ಕೆ ಒಂದು. ಅಂಥದೇ ಸ್ಥಿತಿಯಲ್ಲಿ ಎರಡು ಪಟ್ಟಿನ ಬೆಳೆಯಲ್ಲಿ, ಅಂದರೆ ಪ್ರತಿ ವಂಶವಾಹಿಗೆ ಎರಡೇ ಪ್ರತಿಗಳಿರುವ ಬೆಳೆಯಲ್ಲಿ, ಅದು 4ಕ್ಕೆ ಒಂದು. ಇನ್ನೊಂದು ಲೆಕ್ಕವೂ ಗಮನಾರ್ಹ: ಎರಡೂ ಪೋಷಕಗಳಲ್ಲಿ ಮೂರರ ಬದಲು ನಾಲ್ಕು ಪ್ರತಿಗಳಿದ್ದರೆ ಸಂಭವ ಒಮ್ಮೆಲೇ 25ಕ್ಕೆ ಒಂದಾಗುತ್ತದೆ. ಒಂದು ದೊಡ್ಡ ಜಿಗಿತಕ್ಕಾಗಿ ದೂರದ ತಳಿಯನ್ನು ಹುಡುಕುವುದಕ್ಕಿಂತ, ಬೇಕಾದ ವಂಶವಾಹಿಗಳ ಪ್ರಮಾಣವನ್ನು ಒಂದು ಸಮೂಹದಲ್ಲಿ ಆವರ್ತದಿಂದ ಆವರ್ತಕ್ಕೆ (ಸಂಕರಿಸಿ ಆಯ್ದುಕೊಳ್ಳುವ ಒಂದು ಸುತ್ತೇ ಒಂದು ಆವರ್ತ) ಏರಿಸುತ್ತ ಹೋಗುವುದು ಈ ಬೆಳೆಯಲ್ಲಿ ಏಕೆ ಹೆಚ್ಚು ಫಲ ಕೊಡುತ್ತದೆ ಎಂಬುದಕ್ಕೆ ಈ ಎರಡು ಅಂಕಿಗಳೇ ಉತ್ತರ.

ಪೋಷಕ ತಳಿಗಳ ಮೂಲ: ನಾಲ್ಕು ದಾರಿಗಳು

ನಾಟಿ ತಳಿಗಳು, ಬಿಡುಗಡೆಯಾದ ಸುಧಾರಿತ ತಳಿಗಳು, ಜೀನ್ ಬ್ಯಾಂಕಿನ ಸಂಗ್ರಹಗಳು (ತಳಿಗಳನ್ನು ಕಾಪಾಡಿಡುವ ಕೇಂದ್ರದಲ್ಲಿ ಬೇರೆ ಬೇರೆಯಾಗಿ ದಾಖಲಾದ ಮಾದರಿಗಳು) ಮತ್ತು ಕಾಡು ಸಂಬಂಧಿಗಳು ನಮ್ಮ ಮುಂದಿರುವ ನಾಲ್ಕು ಮೂಲಗಳು. ಇವುಗಳಲ್ಲಿ ಅತಿ ಹೆಚ್ಚು ಅಸಡ್ಡೆಗೆ ಒಳಗಾಗಿರುವುದು ನಾಟಿ ತಳಿಗಳು ಎಂದು ನನಗನ್ನಿಸುತ್ತದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಸಿಹಿಗೆಣಸಿನ ಮೂಲ ಅಮೆರಿಕ ಖಂಡದ ಉಷ್ಣವಲಯ. ಅಲ್ಲಿನ ತಳಿಗಳು ಎರಡು ಮುಖ್ಯ ಗುಂಪುಗಳಾಗಿ ಬೇರ್ಪಡುತ್ತವೆ: ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳ ಉತ್ತರದ ಗುಂಪು, ದಕ್ಷಿಣ ಅಮೆರಿಕದ ವಾಯವ್ಯ ಭಾಗದ ದಕ್ಷಿಣದ ಗುಂಪು. 2000ದಲ್ಲಿ ಪ್ರಕಟವಾದ, ಎಎಫ್‌ಎಲ್‌ಪಿ ಎಂಬ ಬಗೆಯ ಮಾರ್ಕರ್‌ಗಳನ್ನು (ತಳಿಗಳನ್ನು ಹೋಲಿಸಲು ಬಳಸುವ ಡಿಎನ್‌ಎ ಗುರುತುಗಳನ್ನು) ಆಧರಿಸಿದ ಅಧ್ಯಯನವೊಂದು ಮಧ್ಯ ಅಮೆರಿಕದ ತಳಿಗಳಲ್ಲಿ ಅತಿ ಹೆಚ್ಚಿನ ವೈವಿಧ್ಯವನ್ನೂ ಪೆರು-ಈಕ್ವೆಡಾರ್ ಪ್ರದೇಶದ ತಳಿಗಳಲ್ಲಿ ಅತಿ ಕಡಿಮೆ ವೈವಿಧ್ಯವನ್ನೂ ತೋರಿಸಿತು. ಇದನ್ನು ಓದಿದವರು ಮೂಲ ನೆಲದಿಂದ ದೂರ ಹೋದಷ್ಟೂ ತಳಿಗಳು ಬಡವಾಗುತ್ತವೆ ಎಂದು ಊಹಿಸುವುದು ಸಹಜ, ಆದರೆ ಆ ಊಹೆ ಎಲ್ಲೆಡೆ ನಿಲ್ಲುವುದಿಲ್ಲ. ನ್ಯೂಗಿನಿ ದ್ವೀಪದಲ್ಲಿ ಉತ್ತರ ಮತ್ತು ದಕ್ಷಿಣದ ಗುಂಪುಗಳೆರಡೂ ಬಂದು ಸೇರಿ, ತಾವಾಗಿ ಹುಟ್ಟಿದ ಬೀಜದ ಸಸಿಗಳಲ್ಲಿ ಮೆಚ್ಚುಗೆಯಾದವನ್ನು ಬೇಸಾಯಗಾರರು ಉಳಿಸಿಕೊಂಡದ್ದರಿಂದ ಅಲ್ಲಿ ಹೊಸ ವೈವಿಧ್ಯವೇ ಸೃಷ್ಟಿಯಾಯಿತು. ಪೂರ್ವ ಆಫ್ರಿಕಾವನ್ನೂ ಇಂಥದೇ ಎರಡನೆಯ ಹಂತದ ವೈವಿಧ್ಯ ಕೇಂದ್ರವೆಂದು ಪರಿಗಣಿಸಲಾಗುತ್ತದೆ.

ನಾಟಿ ತಳಿಯ ಬೆಲೆ ಏನೆಂಬುದಕ್ಕೆ ಉಗಾಂಡದ ನ್ಯೂ ಕವೋಗೊ ಒಳ್ಳೆಯ ಉದಾಹರಣೆ. ಸಿಹಿಗೆಣಸಿನ ಸಂಯುಕ್ತ ನಂಜುರೋಗವು ಎರಡು ವೈರಸ್‌ಗಳು ಒಂದೇ ಬಳ್ಳಿಯಲ್ಲಿ ಸೇರಿದಾಗ ಉಂಟಾಗುತ್ತದೆ. ಒಂದನ್ನು ಸಸ್ಯಹೇನು ಹರಡುತ್ತದೆ, ಇನ್ನೊಂದನ್ನು ಬಿಳಿನೊಣ ಹರಡುತ್ತದೆ. ಬಿಳಿನೊಣ ತರುವ ವೈರಸ್ ಬಳ್ಳಿಯ ರಕ್ಷಣಾ ವ್ಯವಸ್ಥೆಯನ್ನು ಕುಂದಿಸಿ ಮೊದಲನೆಯದು ಬಹುಪಟ್ಟು ವೃದ್ಧಿಯಾಗಲು ಎಡೆಮಾಡಿಕೊಡುವುದರಿಂದ ಇಳುವರಿ ಅರ್ಧಕ್ಕಿಂತ ಕೆಳಗೆ ಕುಸಿಯಬಹುದು. ಈ ರೋಗವನ್ನು ನ್ಯೂ ಕವೋಗೊ ಚೆನ್ನಾಗಿ ತಡೆದುಕೊಳ್ಳುತ್ತದೆ. ಇಷ್ಟೇ ಆಗಿದ್ದರೆ ಅದೊಂದು ರೋಗನಿರೋಧಕ ತಳಿ ಎಂದು ದಾಖಲಿಸಿ ಮುಂದೆ ಹೋಗಬಹುದಿತ್ತು. ಆದರೆ ಅದರ ಗಡ್ಡೆಯ ಹೊರಮೈಯಲ್ಲಿರುವ ಹೈಡ್ರಾಕ್ಸಿಸಿನ್ನಾಮಿಕ್ ಆಮ್ಲದ ಎಸ್ಟರ್‌ಗಳು ಎಂಬ ರಾಸಾಯನಿಕಗಳು ಮೂತಿಹುಳುವಿನ ಮರಿಗಳ ಬೆಳವಣಿಗೆಯನ್ನೂ ಕುಂಠಿತಗೊಳಿಸುತ್ತವೆ ಎಂಬುದು ಮುಂದೆ ತಿಳಿದುಬಂತು. ಜಗತ್ತಿನಾದ್ಯಂತ ಈ ಬೆಳೆಯನ್ನು ಕಾಡುವ ಮೂತಿಹುಳುವಿಗೆ ಗಟ್ಟಿಯಾದ ನಿರೋಧಕತೆ ಬಹಳ ಅಪರೂಪವಾದ್ದರಿಂದ, ಒಂದೇ ತಳಿಯಲ್ಲಿ ಈ ಎರಡೂ ಸೇರಿರುವುದು ತಳಿ ಅಭಿವೃದ್ಧಿಕಾರರಿಗೆ ದೊಡ್ಡ ಆಸ್ತಿ.

ನಾಟಿ ತಳಿಗಳ ಮಿತಿಗಳೂ ಸ್ಪಷ್ಟ. ಕೆಲವು ತಡವಾಗಿ ಗಡ್ಡೆ ಕಟ್ಟುತ್ತವೆ, ಕೆಲವು ಹೂವೇ ಬಿಡುವುದಿಲ್ಲ. ಒಂದೇ ಹೆಸರಿನಲ್ಲಿ ಹಲವು ತಳಿಗಳು, ಒಂದೇ ತಳಿಗೆ ಹಲವು ಹೆಸರುಗಳು ಎಂಬ ಗೊಂದಲ ಬಳ್ಳಿಯ ತುಂಡುಗಳು ಕೈಯಿಂದ ಕೈಗೆ ಸಾಗುವ ಎಲ್ಲ ಕಡೆಯೂ ಇದೆ.

ಸುಧಾರಿತ ತಳಿಗಳನ್ನು ಪೋಷಕವಾಗಿ ಆರಿಸಿಕೊಂಡರೆ ಒಳ್ಳೆಯ ವಂಶವಾಹಿಗಳು ಆಗಲೇ ಒಂದೆಡೆ ಸೇರಿರುವ ಲಾಭ ಸಿಗುತ್ತದೆ. ಅಮೆರಿಕದ ಲೂಸಿಯಾನದಲ್ಲಿ 1987ರಲ್ಲಿ ಬಿಡುಗಡೆಯಾದ ಬ್ಯೂರೆಗಾರ್ಡ್ ತಳಿಯ ಗಡ್ಡೆಗಳು ಒಂದೇ ಗಾತ್ರದವು, ತಿರುಳು ಕಿತ್ತಳೆ ಬಣ್ಣದ್ದು, ಇಳುವರಿಯೂ ಹೆಚ್ಚು. ಆದರೆ ಸಂಯುಕ್ತ ನಂಜುರೋಗಕ್ಕೆ ಅದು ಬೇಗ ಬಲಿಯಾಗುತ್ತದೆ, ತಿರುಳಿನಲ್ಲಿ ಒಣ ಅಂಶವೂ (ನೀರು ಬಿಟ್ಟು ಉಳಿಯುವ ಭಾಗ) ಕಡಿಮೆ. ಇದನ್ನು ಒಣ ಅಂಶ ಹೆಚ್ಚಿರುವ ಆಫ್ರಿಕಾದ ಟಾಂಜಾನಿಯಾ ಎಂಬ ತಳಿಯೊಡನೆ ಸಂಕರಿಸಿ ಪಡೆದ 315 ಸಸಿಗಳ ಸಮೂಹವನ್ನು ಸವಿಸ್ತಾರವಾಗಿ ಅಧ್ಯಯನ ಮಾಡಲಾಗಿದೆ. ತಿರುಳಿಗೆ ಕಿತ್ತಳೆ ಬಣ್ಣ ಕೊಡುವ ಬೀಟಾ ಕೆರೋಟಿನ್ ಹೆಚ್ಚಿದಂತೆ ಪಿಷ್ಟ ಮತ್ತು ಒಣ ಅಂಶ ಇಳಿಯುವುದಕ್ಕೆ ಕಾರಣವಾದ ಪ್ರದೇಶಗಳು 3 ಮತ್ತು 12ನೇ ಜೋಡಣಾ ಗುಂಪುಗಳಲ್ಲಿವೆ (ಒಂದೇ ವರ್ಣತಂತುವಿನಲ್ಲಿ ಒಟ್ಟಿಗಿರುವ ವಂಶವಾಹಿಗಳ ಗುಂಪುಗಳಲ್ಲಿವೆ) ಎಂದು ಅದರಿಂದ ತಿಳಿಯಿತು. 3ನೇ ಗುಂಪಿನಲ್ಲಿ ಕೆರೋಟಿನ್ ತಯಾರಿಕೆಯ ವಂಶವಾಹಿ ಮತ್ತು ಸಕ್ಕರೆಯನ್ನು ಪಿಷ್ಟದ ಕಡೆಗೆ ಸಾಗಿಸುವ ವಂಶವಾಹಿ ಒಂದಕ್ಕೊಂದು ಹತ್ತಿರ ಇವೆ. ಹತ್ತಿರ ಇರುವವು ಬೇರ್ಪಡಲು ಸಾವಿರಾರು ಸಸಿಗಳು ಬೇಕಾಗಬಹುದು, ಆದರೂ ಬೇರ್ಪಡಿಸಬಹುದು. ಕಿತ್ತಳೆ ಬಣ್ಣ ಮತ್ತು ಹಿಟ್ಟುಹಿಟ್ಟಾದ ತಿರುಳು ಎರಡೂ ಬೇಕೆನ್ನುವವರು ಪೋಷಕಗಳ ಸಂಖ್ಯೆಯನ್ನು ಹೆಚ್ಚಿಸುವುದಕ್ಕಿಂತ ಸಸಿಗಳ ಸಂಖ್ಯೆಯನ್ನು ಹೆಚ್ಚಿಸುವುದರಲ್ಲಿ ಅರ್ಥವಿದೆ.

ಜೀನ್ ಬ್ಯಾಂಕಿನಿಂದ ತರುವುದಾದರೆ ಪೆರುವಿನ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವು ಕಾಡು ಸಂಬಂಧಿಗಳೂ ಸೇರಿ 5,000ಕ್ಕೂ ಹೆಚ್ಚು ಸಿಹಿಗೆಣಸಿನ ಸಂಗ್ರಹಗಳನ್ನು ಕಾಪಾಡಿಕೊಂಡು ಬಂದಿದೆ. ಆಹಾರ ಮತ್ತು ಕೃಷಿಗಾಗಿ ಸಸ್ಯ ಆನುವಂಶಿಕ ಸಂಪನ್ಮೂಲಗಳ ಅಂತರರಾಷ್ಟ್ರೀಯ ಒಪ್ಪಂದದ ಬೆಳೆಪಟ್ಟಿಯಲ್ಲಿ ಸಿಹಿಗೆಣಸೂ ಇರುವುದರಿಂದ ಪ್ರಮಾಣಿತ ವರ್ಗಾವಣೆ ಒಪ್ಪಂದಕ್ಕೆ ಸಹಿ ಹಾಕಿ ಅವನ್ನು ಪಡೆಯಬಹುದು. ವೈರಸ್ ಪರೀಕ್ಷೆಯಾದ ಅಂಗಾಂಶ ಕೃಷಿಯ ಎಳೆ ಗಿಡಗಳು ಬರುವುದು ಇದರ ದೊಡ್ಡ ಅನುಕೂಲ. ಅವನ್ನು ಹದಗೊಳಿಸಿ, ಸಾಕಷ್ಟು ಬಳ್ಳಿ ಮಾಡಿಕೊಳ್ಳಲು ತಿಂಗಳುಗಳು ಹಿಡಿಯುವುದು ಅನನುಕೂಲ. ಎಲ್ಲಿಂದಲೋ ನೂರು ಸಂಗ್ರಹಗಳನ್ನು ತರಿಸಿ ನೋಡೋಣ ಎನ್ನುವುದಕ್ಕಿಂತ, ಇಂಥ ಗುಣಕ್ಕೆಂದು ದಾಖಲಾದ ಹತ್ತನ್ನು ಕೇಳಿ ತರಿಸುವುದು ಮೇಲು.

ಕಾಡು ಸಂಬಂಧಿಗಳ ಬಗ್ಗೆ ಆಕರ್ಷಣೆ ಹೆಚ್ಚು. ಅತ್ಯಂತ ಹತ್ತಿರದ ಸಂಬಂಧಿಯಾದ ಐಪೋಮಿಯ ಟ್ರೈಫಿಡಾದಲ್ಲಿ 30 ವರ್ಣತಂತುಗಳಷ್ಟೇ ಇವೆ. ಈಕ್ವೆಡಾರ್ ಕರಾವಳಿಯ ನಾಲ್ಕು ಪಟ್ಟಿನ ಸಂಬಂಧಿಯನ್ನು ಐಪೋಮಿಯ ಈಕ್ವಟೋರಿಯೆನ್ಸಿಸ್ ಎಂಬ ಹೊಸ ಪ್ರಭೇದವಾಗಿ 2022ರಲ್ಲಿ ವಿವರಿಸಲಾಯಿತು. ಜಪಾನಿನಲ್ಲಿ 1975ರಲ್ಲಿ ಬಿಡುಗಡೆಯಾದ ಮಿನಾಮಿಯುಟಾಕಾ ಎಂಬ ಹೆಚ್ಚು ಪಿಷ್ಟದ ತಳಿಯಲ್ಲಿ ಎಂಟನೆಯ ಒಂದು ಪಾಲು ಕಾಡು ಸಂಬಂಧಿಯದು, ಗಂಟುಬೇರಿನ ಜಂತುವಿನಂಥ ನೆಲದ ಶತ್ರುಗಳ ವಿರುದ್ಧ ಇಂಥ ಮೂಲಗಳಿಂದ ನೆರವು ಸಿಗಬಹುದೆಂಬ ನಂಬಿಕೆಗೆ ಅದು ಬಲ ತಂದಿತು. ಎಂಟನೆಯ ಒಂದು ಪಾಲು ಎಂದರೆ ಮೊದಲ ಸಂಕರದ ನಂತರ ಎರಡು ಸಲ ಬೇಸಾಯದ ತಳಿಗಳಿಗೆ ಮರುಸಂಕರಿಸಲಾಗಿದೆ ಎಂದು ಅರ್ಥ. ಮೊದಲ ಪೀಳಿಗೆಯ ಸಸಿಗಳು ಸಾಮಾನ್ಯವಾಗಿ ತಿನ್ನಲು ಯೋಗ್ಯವಾದ ಗಡ್ಡೆ ಕಟ್ಟುವುದಿಲ್ಲ, ವರ್ಣತಂತುಗಳ ಸಂಖ್ಯೆಯ ವ್ಯತ್ಯಾಸದಿಂದ ಬೀಜವೂ ಕಡಿಮೆ. ದಶಕಗಳ ಕಾಲ ನಿಲ್ಲುವ ಸಂಸ್ಥೆಗಳಿಗೆ ಈ ದಾರಿ ತಕ್ಕದ್ದು. ಐದಾರು ವರ್ಷಗಳಲ್ಲಿ ತಳಿಯೊಂದನ್ನು ಹೊರತರಬೇಕಾದ ಸಣ್ಣ ತಂಡಕ್ಕೆ ನಾನು ಇದನ್ನು ಸೂಚಿಸಲಾರೆ.

ವೈವಿಧ್ಯವನ್ನು ಅಳೆಯುವ ವಿಧಾನ

ಇಲ್ಲಿ ಮೂರು ಮಟ್ಟಗಳಿವೆ. ಮೊದಲನೆಯದು ಕಣ್ಣಿಗೆ ಕಾಣುವ ಲಕ್ಷಣಗಳ ದಾಖಲೆ. 1991ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಲಕ್ಷಣಪಟ್ಟಿಯನ್ನು ಇಂದಿಗೂ ಬಳಸಲಾಗುತ್ತಿದೆ: ಬಳ್ಳಿಯ ಬಣ್ಣ, ಎಲೆಯ ಅಂಚಿನ ಸೀಳುಗಳ ಸಂಖ್ಯೆ, ನಡುವಿನ ಹಾಲೆಯ ಆಕಾರ, ಎಲೆಯ ಕೆಳಮೈಯ ನರಗಳಲ್ಲಿ ನೇರಳೆ ಬಣ್ಣ ಎಷ್ಟು ದೂರ ಹಬ್ಬಿದೆ, ತೊಟ್ಟಿನ ಬಣ್ಣ, ಗಡ್ಡೆಯ ಆಕಾರ, ಸಿಪ್ಪೆಯ ಬಣ್ಣ, ತಿರುಳಿನಲ್ಲಿ ಎರಡನೆಯ ಬಣ್ಣ ಹರಡಿರುವ ಬಗೆ. ಒಂದೇ ಬಳ್ಳಿಯ ತುದಿಯ ಎಲೆಗೂ ಬುಡದ ಎಲೆಗೂ ಆಕಾರ ಬೇರೆ ಇರುವುದರಿಂದ ಯಾವಾಗಲೂ ಬಳ್ಳಿಯ ನಡುಭಾಗದ ಎಲೆಯನ್ನೇ ನೋಡಬೇಕು, ಹಲವು ಎಲೆಗಳನ್ನು ನೋಡಿ ಸಾಮಾನ್ಯವಾದದ್ದನ್ನು ಬರೆಯಬೇಕು. ಈ ನಿಯಮವನ್ನು ಪಾಲಿಸದ ದಾಖಲೆಗಳಲ್ಲಿ ಒಂದೇ ತಳಿ ಎರಡಾಗಿ ಕಾಣಿಸಿಕೊಳ್ಳುತ್ತದೆ. ಈ ವಿಧಾನಕ್ಕೆ ಖರ್ಚು ಅತಿ ಕಡಿಮೆ, ಮತ್ತು ಹೊಲದಲ್ಲಿ ಕೂತು ಬರೆಯುವವರಿಗೆ ತಳಿಗಳ ಪರಿಚಯ ಆಗುವಷ್ಟು ಬೇರೆ ಯಾವ ವಿಧಾನದಲ್ಲೂ ಆಗುವುದಿಲ್ಲ. ಆದರೆ ಬಣ್ಣ ಮತ್ತು ಆಕಾರಗಳನ್ನು ನಿರ್ಧರಿಸುವ ವಂಶವಾಹಿಗಳು ಕೆಲವೇ. ಎಲೆಯ ಸೀಳು ಬೇರೆಯಾಯಿತೆಂದು ಇಳುವರಿಯ ವಂಶವಾಹಿಗಳೂ ಬೇರೆ ಎನ್ನಲಾಗದು.

ಎರಡನೆಯದು ಎಸ್‌ಎಸ್‌ಆರ್ ಮಾರ್ಕರ್‌ಗಳು, ಅಂದರೆ ಡಿಎನ್‌ಎಯಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ತುಣುಕುಗಳ ಗುರುತುಗಳು. ಡಿಎನ್‌ಎಯ ಒಂದು ತಾಣದಲ್ಲಿ ಆರು ಬೇರೆ ಬೇರೆ ರೂಪಗಳವರೆಗೆ ಇರಬಹುದಾದ ಈ ಬೆಳೆಯಲ್ಲಿ, ಹಲವು ರೂಪಗಳನ್ನು ಒಟ್ಟಿಗೆ ತೋರಿಸುವ ಎಸ್‌ಎಸ್‌ಆರ್‌ಗಳು ತುಂಬ ಉಪಯುಕ್ತ. ಆದರೆ ಒಂದು ರೂಪ ಒಂದೇ ಪ್ರತಿಯಲ್ಲಿದೆಯೋ ನಾಲ್ಕು ಪ್ರತಿಗಳಲ್ಲಿದೆಯೋ ಎಂಬುದನ್ನು ಅವು ನಂಬಿಕೆಗೆ ಅರ್ಹವಾಗಿ ಹೇಳಲಾರವು, ಆದ್ದರಿಂದ ಇದೆ ಅಥವಾ ಇಲ್ಲ ಎಂದಷ್ಟೇ ಗುರುತಿಸುವ ರೂಢಿಯಿದೆ. ಇಷ್ಟು ಮಾಹಿತಿ ಎರಡು ಕೆಲಸಗಳಿಗೆ ಸಾಕು: ನಕಲು ಸಂಗ್ರಹಗಳನ್ನು ಕಂಡುಹಿಡಿಯಲು, ತಳಿಗಳನ್ನು ಗುಂಪುಗಳಾಗಿ ಬೇರ್ಪಡಿಸಲು. ಉಗಾಂಡದಲ್ಲಿ ಪೋಷಕ ತಳಿಗಳನ್ನು ಎಸ್‌ಎಸ್‌ಆರ್ ಆಧಾರದ ಮೇಲೆ ಎರಡು ಸಮೂಹಗಳಾಗಿ ವಿಂಗಡಿಸಿ, ಒಂದು ಸಮೂಹದ ತಳಿಯನ್ನು ಇನ್ನೊಂದರ ತಳಿಯೊಡನೆ ಸಂಕರಿಸುವ ಯೋಜನೆ ರೂಪಿಸಿದ್ದು ಹೀಗೆಯೇ. ಡಿಎನ್‌ಎ ಗುರುತುಗಳನ್ನೇ ಬಳಸುವ, ಇದಕ್ಕೂ ಹಿಂದಿನ ಆರ್‌ಎಪಿಡಿ ಎಂಬ ವಿಧಾನವನ್ನು ಇಂದು ಆರಿಸಿಕೊಳ್ಳಲು ಕಾರಣವಿಲ್ಲ, ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದರಲ್ಲಿ ಮರುಕಳಿಸುವುದು ಕಷ್ಟ.

ಮೂರನೆಯದು ಡಿಎನ್‌ಎ ಅನುಕ್ರಮಣೆಯಿಂದ (ಅದರ ಅಕ್ಷರಗಳನ್ನು ಸಾಲಾಗಿ ಓದುವುದರಿಂದ) ಸಿಗುವ ಸಾವಿರಾರು ಎಸ್‌ಎನ್‌ಪಿಗಳು, ಅಂದರೆ ಒಂದೊಂದು ಅಕ್ಷರದ ವ್ಯತ್ಯಾಸಗಳು. 2017ರಲ್ಲಿ ಚೀನಾದ ತೈಝೋಂಗ್ 6 ತಳಿಯ ಜೀನೋಮ್ (ಒಟ್ಟು ಡಿಎನ್‌ಎಯ ಅನುಕ್ರಮ) ಮತ್ತು 2018ರಲ್ಲಿ ಐಪೋಮಿಯ ಟ್ರೈಫಿಡಾ, ಐಪೋಮಿಯ ಟ್ರೈಲೋಬಾಗಳ ಜೀನೋಮ್‌ಗಳು ಪ್ರಕಟವಾದ ಮೇಲೆ ಈ ದಾರಿ ಸುಗಮವಾಯಿತು. ಪ್ರತಿಗಳ ಸಂಖ್ಯೆಯನ್ನೂ ತಿಳಿಯಬಹುದೆಂಬುದು ಇದರ ವಿಶೇಷ. ಆದರೆ ಆರರಲ್ಲಿ ಎರಡೋ ಮೂರೋ ಎಂಬ ಸಣ್ಣ ವ್ಯತ್ಯಾಸವನ್ನು ಬಿಡಿಸಬೇಕಾದರೆ ಒಂದೊಂದು ತಾಣವನ್ನೂ ಎರಡು ಪಟ್ಟಿನ ಬೆಳೆಗಿಂತ ಎಷ್ಟೋ ಹೆಚ್ಚು ಸಲ ಓದಬೇಕು, ಆಗ ಖರ್ಚೂ ಅದಕ್ಕೆ ತಕ್ಕಂತೆ ಏರುತ್ತದೆ. ಪ್ರತಿ ತಾಣವನ್ನು ಕೆಲವೇ ಸಲ ಓದಿ, ಆರು ಪಟ್ಟಿನ ಬೆಳೆಯನ್ನು ಎರಡು ಪಟ್ಟಿನದೆಂಬಂತೆ ವಿಶ್ಲೇಷಿಸಿದ ಕೋಷ್ಟಕಗಳಿಗಿಂತ ಎಚ್ಚರಿಕೆಯಿಂದ ಮಾಡಿದ ಎಸ್‌ಎಸ್‌ಆರ್ ಕೆಲಸವೇ ಹೆಚ್ಚು ನಂಬಲರ್ಹ. ಮಾರ್ಕರ್‌ಗಳ ಆಧಾರದ ಮೇಲೆ ಸಸಿಗಳನ್ನು ಆಯ್ದುಕೊಳ್ಳುವ ಉದ್ದೇಶ ಮತ್ತು ಅದನ್ನು ವರ್ಷವರ್ಷವೂ ಮುಂದುವರಿಸುವ ಹಣ ಎರಡೂ ಇದ್ದರೆ ಎಸ್‌ಎನ್‌ಪಿ ಆರಿಸಿಕೊಳ್ಳಿ. ಗುಂಪು ಮಾಡಿ ನಕಲು ತೆಗೆಯುವುದಷ್ಟೇ ಕೆಲಸವಾಗಿದ್ದರೆ ಲಕ್ಷಣಪಟ್ಟಿಯೊಂದಿಗೆ ಕೆಲವು ಎಸ್‌ಎಸ್‌ಆರ್ ಸಾಕು, ಉಳಿದ ಹಣ ಹೊಲದ ಪರೀಕ್ಷೆಗೆ ಹೋಗಲಿ.

ಪ್ರಸಂಗವಶಾತ್ ಒಂದು ಮಾತು. 2015ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಪರೀಕ್ಷಿಸಿದ 291 ಬೇಸಾಯದ ಸಿಹಿಗೆಣಸಿನ ಸಂಗ್ರಹಗಳಲ್ಲೂ ಅಗ್ರೋಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಾಣುವಿನ ಡಿಎನ್‌ಎ ತುಣುಕೊಂದು ಕಂಡುಬಂತು, ಇನ್ನೊಂದು ತುಣುಕು ಕೆಲವು ಸಂಗ್ರಹಗಳಲ್ಲಿ ಮಾತ್ರ ಇತ್ತು. ಪ್ರಾಚೀನ ಕಾಲದಲ್ಲಿ ತಾನಾಗಿ ಸೇರಿಕೊಂಡ ಇಂಥ ತುಣುಕುಗಳು ತಳಿಗಳ ವಂಶಚರಿತ್ರೆಯನ್ನು ತಿಳಿಯಲು ನೆರವಾಗುತ್ತವೆ.

ಸಂಕರಣ ಕ್ರಮ

ಕೈಯಿಂದ ಮಾಡುವ ಜೋಡಿ ಸಂಕರಣ ಮತ್ತು ಕೀಟಗಳಿಗೆ ಬಿಟ್ಟುಕೊಡುವ ಬಹುಸಂಕರಣ ಎಂಬ ಎರಡರ ನಡುವೆ ಆರಿಸುವ ಮೊದಲು ಹೂವಿನ ಸ್ವಭಾವವನ್ನು ನೆನಪಿಡಬೇಕು. ಹೂವು ಮುಂಜಾನೆ ಅರಳಿ ಅದೇ ದಿನ ಬಾಡುತ್ತದೆ. ಮಾರನೆಯ ದಿನ ಅರಳಲಿರುವ ಮೊಗ್ಗುಗಳ ತುದಿಯನ್ನು ಹಿಂದಿನ ಸಂಜೆಯೇ ದಾರದಿಂದ ಕಟ್ಟಿ ಜೇನುಹುಳುಗಳನ್ನು ತಡೆದು, ಬೆಳಗ್ಗೆ ಕಟ್ಟು ಬಿಚ್ಚಿ, ಇನ್ನೊಂದು ತಳಿಯ ಪರಾಗಕೋಶವನ್ನು ಶಲಾಕಾಗ್ರಕ್ಕೆ (ಹೂವಿನ ಹೆಣ್ಣು ಭಾಗದ ತುದಿಗೆ) ಮೆಲ್ಲಗೆ ಸವರಿ, ಮತ್ತೆ ಕಟ್ಟಿ ಚೀಟಿ ತೂಗುಹಾಕಬೇಕು. ಇಷ್ಟೆಲ್ಲ ಮಾಡಿದರೂ ಒಂದು ಕಾಯಿಯಲ್ಲಿ ಹೆಚ್ಚೆಂದರೆ ನಾಲ್ಕು ಬೀಜ, ಬಹಳ ಸಲ ಒಂದೋ ಎರಡೋ. ಕೆಲವು ಜೋಡಿಗಳು ಪರಸ್ಪರ ಒಗ್ಗದೆ ಬೀಜವನ್ನೇ ಕಟ್ಟುವುದಿಲ್ಲ. ಹೂ ಬಿಡಲು ಹಿಂಜರಿಯುವ ತಳಿಗಳನ್ನು ಐಪೋಮಿಯ ನಿಲ್ ಎಂಬ ಮಾರ್ನಿಂಗ್ ಗ್ಲೋರಿ ಬಳ್ಳಿಯ ಬುಡಕ್ಕೆ ಕಸಿ ಮಾಡಿದರೆ, ಅದರಲ್ಲೂ ಹಗಲು ಚಿಕ್ಕದಾಗಿರುವ ಕಾಲದಲ್ಲಿ, ಹೂವು ಬರುವ ಸಾಧ್ಯತೆ ಹೆಚ್ಚು. ಬೀಜದ ಸಿಪ್ಪೆ ಗಟ್ಟಿಯಾದ್ದರಿಂದ ಬಿತ್ತುವ ಮೊದಲು ಅದನ್ನು ಗಾಢ ಗಂಧಕಾಮ್ಲದಲ್ಲಿ ಸ್ವಲ್ಪ ಹೊತ್ತು ಇಟ್ಟು ಚೆನ್ನಾಗಿ ತೊಳೆಯಬೇಕು, ಇಲ್ಲವೇ ಬೀಜದ ಕಣ್ಣಿನ ಎದುರು ಬದಿಯನ್ನು ಗೀರಬೇಕು.

ಬಹುಸಂಕರಣದಲ್ಲಿ ಆಯ್ದ ಹಲವು ಪೋಷಕ ತಳಿಗಳನ್ನು ಬೇರೆ ಸಿಹಿಗೆಣಸಿನಿಂದ ದೂರವಾಗಿ ಬೆರೆಸಿ ನೆಟ್ಟು, ಪರಾಗಸ್ಪರ್ಶವನ್ನು ಕೀಟಗಳಿಗೆ ಬಿಡಲಾಗುತ್ತದೆ. ಕಡಿಮೆ ಶ್ರಮಕ್ಕೆ ಹೇರಳ ಬೀಜ ಸಿಗುತ್ತದೆ. ಮೇಲೆ ಹೇಳಿದ 400ಕ್ಕೆ ಒಂದರಂಥ ಲೆಕ್ಕಗಳಿಗೆ ಈ ಹೇರಳತೆಯೇ ಬೇಕು. ತಾಯಿ ಯಾವುದೆಂದು ಗೊತ್ತಿರುತ್ತದೆ, ತಂದೆ ಯಾವುದೆಂದು ಗೊತ್ತಿರುವುದಿಲ್ಲ, ಮತ್ತು ಧಾರಾಳವಾಗಿ ಹೂ ಬಿಡುವ ಒಂದೆರಡು ತಳಿಗಳ ಪರಾಗವೇ ಹೆಚ್ಚಿನ ಬೀಜಗಳಿಗೆ ಕಾರಣವಾಗಿ ವೈವಿಧ್ಯ ತಾನಾಗಿ ಕುಗ್ಗುತ್ತದೆ. ಇದನ್ನು ತಡೆಯಲು ಕಡಿಮೆ ಹೂ ಬಿಡುವ ತಳಿಗಳ ಗಿಡಗಳನ್ನು ಹೆಚ್ಚು ನೆಡುವುದು ಮತ್ತು ಪ್ರತಿ ತಾಯಿಯಿಂದಲೂ ಸಮ ಸಂಖ್ಯೆಯ ಬೀಜ ತೆಗೆದುಕೊಳ್ಳುವುದು ಸುಲಭ ಉಪಾಯ. ಸಮೂಹವೊಂದರ ಒಟ್ಟು ಮಟ್ಟವನ್ನು ಏರಿಸುವುದಕ್ಕೆ ಬಹುಸಂಕರಣವೇ ಸರಿ. ಆದರೆ ಎರಡು ಬೇರ್ಪಟ್ಟ ಸಮೂಹಗಳ ನಡುವಿನ ಸಂಕರ ಹುರುಪನ್ನು (ಪೋಷಕಗಳಿಗಿಂತ ಮಕ್ಕಳು ಹೆಚ್ಚು ಚೆನ್ನಾಗಿ ಬೆಳೆಯುವ ಗುಣವನ್ನು) ಪಡೆಯಬೇಕಾದರೆ ಜೋಡಿ ಸಂಕರಣಕ್ಕೆ ಬದಲಿಲ್ಲ: ಯಾವ ಎರಡು ತಳಿಗಳ ಮಕ್ಕಳು ಚೆನ್ನಾಗಿ ಬಂದವೆಂದು ತಿಳಿದರಷ್ಟೇ ಆ ಜೋಡಿಯನ್ನು ಮುಂದೆ ದೊಡ್ಡ ಪ್ರಮಾಣದಲ್ಲಿ ಮತ್ತೆ ಸಂಕರಿಸಬಹುದು.

ಸಂಕರಣವಿಲ್ಲದೆ ಬಳ್ಳಿಯಲ್ಲಿ ತಾನಾಗಿ ಆಗುವ ಮಾರ್ಪಾಡುಗಳನ್ನು ಆಯ್ದುಕೊಳ್ಳುವುದೂ ಒಂದು ದಾರಿ. ಜಪಾನಿನ ಕೊಕೈ 14 ತಳಿಯಿಂದ ನರುಟೊ ಕಿಂಟೊಕಿಯಂಥ ಆಯ್ಕೆಗಳು ಬಂದದ್ದು ಹೀಗೆ. ಸಿಪ್ಪೆಯ ಬಣ್ಣದಂಥ ಒಂದು ಗುಣವನ್ನು ತಿದ್ದಲು ಇದು ಸಾಕು, ರೋಗನಿರೋಧಕತೆ ಇಲ್ಲದ ತಳಿಗೆ ಅದನ್ನು ತಂದುಕೊಡಲು ಸಾಲದು.

ಯಾರಿಗೆ ಯಾವುದು

ಸಣ್ಣ ತಂಡವೊಂದಕ್ಕೆ ನನ್ನ ಸಲಹೆ ಇದು. ಬೆಳೆಯುವ ಪ್ರದೇಶಕ್ಕೆ ಹೊಂದಿಕೊಂಡ, ಮುಖ್ಯ ರೋಗವನ್ನು ತಡೆದುಕೊಳ್ಳುವ ನಾಟಿ ತಳಿಗಳನ್ನು ತಾಯಿಯಾಗಿ ಇಟ್ಟುಕೊಂಡು, ಕೊರತೆಯಾದ ಗುಣಕ್ಕಾಗಿ ಕೆಲವೇ ಸುಧಾರಿತ ತಳಿಗಳನ್ನು ತಂದು, ಬಹುಸಂಕರಣದಿಂದ ಆರಂಭಿಸಿ. ಮೊಜಾಂಬಿಕ್‌ನಲ್ಲಿ 2011ರಲ್ಲಿ ಒಟ್ಟಿಗೆ ಬಿಡುಗಡೆಯಾದ, ಬರವನ್ನು ಸಹಿಸುವ 15 ಕಿತ್ತಳೆ ತಿರುಳಿನ ತಳಿಗಳ ಹಿಂದೆ ಸ್ಥಳೀಯ ಹೊಂದಾಣಿಕೆ ಮತ್ತು ಹೊರಗಿನ ಕೆರೋಟಿನ್‌ಗಳನ್ನು ಒಂದಾಗಿಸುವ ಇದೇ ವಿಚಾರವಿತ್ತು. ಆ ಕೆಲಸವನ್ನು ನಡೆಸಿದ ಮರಿಯಾ ಆಂಡ್ರಾಡೆ, ಉಗಾಂಡದಲ್ಲಿ ತಳಿ ಅಭಿವೃದ್ಧಿಪಡಿಸಿದ ರಾಬರ್ಟ್ ಮ್ವಾಂಗಾ ಅವರಿಗೆ ಜ್ಯಾನ್ ಲೋ ಮತ್ತು ಹೋವರ್ತ್ ಬೂಯಿಸ್ ಅವರೊಂದಿಗೆ 2016ರ ವಿಶ್ವ ಆಹಾರ ಪ್ರಶಸ್ತಿ ಸಂದಿತು. ಅಲ್ಲಿ ಅನುಸರಿಸಿದ ವೇಗದ ಆಯ್ಕೆ ಕ್ರಮವೂ ಅನುಕರಣೀಯ: ಒಂದೇ ಕ್ಷೇತ್ರದಲ್ಲಿ ವರ್ಷಗಟ್ಟಲೆ ಪರೀಕ್ಷಿಸುವ ಬದಲು ಮೊದಲ ವರ್ಷದಲ್ಲಿಯೇ ಪ್ರತಿ ಸಸಿಯ ಕೆಲವೇ ಬಳ್ಳಿಗಳನ್ನು ಹಲವು ಕ್ಷೇತ್ರಗಳಲ್ಲಿ ನೆಟ್ಟು ನೋಡುವುದು.

ದೊಡ್ಡ ಸಂಸ್ಥೆಯಾದರೆ ಎರಡು ಸಮೂಹಗಳನ್ನು ಬೇರೆಯಾಗಿಯೇ ಬೆಳೆಸಿ, ಪ್ರತಿ ಆವರ್ತದ ಕೊನೆಗೆ ಅವುಗಳ ನಡುವೆ ಜೋಡಿ ಸಂಕರಣ ನಡೆಸುವ ಯೋಜನೆ ಹೆಚ್ಚು ದೂರ ಒಯ್ಯುತ್ತದೆ, ಎಸ್‌ಎನ್‌ಪಿಯ ಖರ್ಚಿಗೂ ಅಲ್ಲಿ ಅರ್ಥ ಬರುತ್ತದೆ.

ಎರಡೂ ಸಂದರ್ಭಗಳಲ್ಲಿ ಹೋಲಿಕೆಯನ್ನು ಕೆಡಿಸುವ ಒಂದು ಅಂಶವಿದೆ, ಅದು ನೆಡುವ ಬಳ್ಳಿಯ ಆರೋಗ್ಯ. ಬೀಜದಿಂದ ಆಗಷ್ಟೇ ಬಂದ ಸಸಿಯ ಬಳ್ಳಿ ಸಾಮಾನ್ಯವಾಗಿ ವೈರಸ್ ಇಲ್ಲದ್ದು, ಹಲವು ವರ್ಷಗಳಿಂದ ಹೊಲದಲ್ಲೇ ಇರುವ ಹಳೆಯ ತಳಿಯ ಬಳ್ಳಿ ವೈರಸ್ ಹೊತ್ತದ್ದು. ಎರಡನ್ನೂ ಪಕ್ಕಪಕ್ಕದಲ್ಲಿ ನೆಟ್ಟು ತೂಗಿದರೆ ಹೊಸದು ಗೆದ್ದದ್ದು ತಳಿಯ ಬಲದಿಂದಲೋ ಶುದ್ಧ ಬಳ್ಳಿಯಿಂದಲೋ ತಿಳಿಯದು. ಹೋಲಿಕೆಗೆ ಇಡುವ ಹಳೆಯ ತಳಿಗಳನ್ನು ವೈರಸ್‌ಮುಕ್ತಗೊಳಿಸಿ ಅದೇ ನರ್ಸರಿಯಲ್ಲಿ ಬೆಳೆಸಿದ ಬಳ್ಳಿಗಳನ್ನು ಬಳಸಬೇಕು, ಜೊತೆಗೆ ಕನಿಷ್ಠ ಒಂದು ಕ್ಷೇತ್ರದಲ್ಲಿ ಎಲ್ಲ ತಳಿಗಳ ಬಳ್ಳಿಯನ್ನೂ ಮರುವರ್ಷ ಅದೇ ಹೊಲದಿಂದ ತೆಗೆದು ನೆಟ್ಟು, ನಂಜು ತಗುಲಿದ ಮೇಲೆ ಯಾವುದು ಎಷ್ಟು ಕುಸಿಯುತ್ತದೆ ಎಂಬುದನ್ನು ದಾಖಲಿಸಬೇಕು.